ಮಂಜಿನ ದ್ವೀಪದ ಗಂಟೆ

“ಇದರಲ್ಲಿ ಗಂಟೆ ಇಲ್ಲ,” ಎಂದು ಅಕ್ಕ ರೆಕಾರ್ಡನ್ನು ಗಲ್ಲಾದ ಮೇಲಿಟ್ಟಳು.

ಅಂಗಡಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಮೊದಲು ರೆಕಾರ್ಡನ್ನೂ ಆಮೇಲೆ ಅಕ್ಕನನ್ನೂ ನೋಡಿದರು. ಹೊದಿಕೆಯ ಮೇಲೆ ಬೂದು ಸಮುದ್ರ, ಅದರ ನಡುವೆ ಉಗುರಿನಷ್ಟು ದೋಣಿ. ವಿಡಿಯೋ ಗೇಮ್‌ಗಳ ಸಂಗೀತ ಬೇಕೆಂದು ಅವರ ಅಂಗಡಿಗೆ ಬರುವವರೇ ನಾಲ್ಕಾರು ಮಂದಿ. ಅವರಲ್ಲಿ ನರೆತ ಜಡೆಯವಳು ಈಕೆ ಒಬ್ಬಳೇ. ಈ ರೆಕಾರ್ಡನ್ನು ಹೋದ ವಾರವಷ್ಟೇ ಅವರು ಕೈಯಾರೆ ಕಾಗದ ಸುತ್ತಿ ಕೊಟ್ಟಿದ್ದರು. ಅದಕ್ಕೂ ಮುಂಚೆ ಇದೇ ಆಟದ ಸಿ.ಡಿ.ಯನ್ನು ಅಕ್ಕ ಇದೇ ಮಾತು ಹೇಳಿ ಹಿಂದಿರುಗಿಸಿದ್ದಳು.

“ಯಾವ ಗಂಟೆ ಅಕ್ಕಾ?”

“ಗೊಣಗಬೇಡಿ, ಬಿಡಿಸಿ ಹೇಳಿ.”

“ಯಾವ ಗಂಟೆ ಅಂದೆ,” ಎಂದು ಯಜಮಾನರು ದನಿ ಏರಿಸಿದರು.

“ಮಂಜಿನ ದ್ವೀಪದ್ದು. ಎರಡನೇ ಮಗ್ಗುಲಲ್ಲಿ ಮೊದಲನೇ ಹಾಡು. ನಗಾರಿ ಇದೆ, ತಂತಿವಾದ್ಯ ಇದೆ, ನೀರಿನ ಸದ್ದೂ ಇದೆ. ಗಂಟೆ ಮಾತ್ರ ಇಲ್ಲ. ಎಲ್ಲಾನೂ ಇಸ್ತ್ರಿ ಪೆಟ್ಟಿಗೆ ಇಟ್ಟು ಒತ್ತಿಬಿಟ್ಟಿದ್ದಾರೆ. ಯಾರೋ ನಿಮಗೆ ನಕಲಿ ಮಾಲು ಕಟ್ಟಿದ್ದಾರೆ, ನೀವು ನಮಗೆ ಕಟ್ಟುತ್ತಾ ಇದ್ದೀರಿ.”

“ಇಲ್ಲೇ ಒಂದ್ಸಲ ಹಾಕಿ ನೋಡೋಣ್ವಾ?”

“ನೋಡೋದೇನು? ಆ ಆಟ ಆಡಿಕೊಂಡೇ ಬೆಳೆದವಳು ನಾನು.”

ನಕಲಿ ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಪಕ್ಕದಲ್ಲಿ ರೆಕಾರ್ಡುಗಳನ್ನು ಮಗುಚುತ್ತ ನಿಂತಿದ್ದ ಗಿರಾಕಿ ಕೈಯಲ್ಲಿದ್ದುದನ್ನು ಮೆಲ್ಲಗೆ ಸಾಲಿನೊಳಗೆ ತೂರಿಸಿ ಹೊರಟುಹೋದ. ಯಜಮಾನರ ಮುಖ ಕೆಂಪಗಾಯಿತು. ಆದರೂ ಅವರು ವಾದಕ್ಕೆ ನಿಲ್ಲಲಿಲ್ಲ. ರೆಕಾರ್ಡನ್ನು ಒಳಗಿಟ್ಟುಕೊಂಡು ದುಡ್ಡು ವಾಪಸು ಕೊಟ್ಟರು. ಅಕ್ಕ ಸೆರಗು ಸರಿಮಾಡಿಕೊಂಡು ಗೆದ್ದವಳ ಹಾಗೆ ಮೆಟ್ಟಿಲಿಳಿದಳು.

ಅವಳನ್ನು ಅಕ್ಕ ಎಂದು ಕರೆಯುವ ಹಕ್ಕು ಇದ್ದದ್ದು ಒಬ್ಬ ತಮ್ಮನಿಗೆ. ಈಗ ಪರದೆ ಹೊಲಿಯುವ ಕಾರ್ಖಾನೆಯಿಂದ ಹಿಡಿದು ಈ ಅಂಗಡಿಯವರೆಗೆ ಎಲ್ಲರಿಗೂ ಅವಳು ಅಕ್ಕನೇ. ತಮ್ಮನನ್ನು ಅವಳು ಕರೆಯುವುದು ಮರಿ ಎಂದು. ಮರಿಗೆ ತಲೆ ಬೋಳಾಗಿದೆ, ಮನೆಗಳಿಗೆ ಬಣ್ಣ ಹೊಡೆಯುತ್ತಾನೆ, ಅವನ ಮಗಳು ಕಾಲೇಜಿಗೆ ಹೋಗುತ್ತಾಳೆ. ಅಕ್ಕನ ಬಾಯಲ್ಲಿ ಮಾತ್ರ ಅವನು ಇನ್ನೂ ಮರಿಯೇ.

ಚಿಕ್ಕಂದಿನಲ್ಲಿ ಸೋದರಮಾವ ಎಲ್ಲಿಂದಲೋ ಒಂದು ಆಟದ ಪೆಟ್ಟಿಗೆ ತಂದುಕೊಟ್ಟಿದ್ದ. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಆ ಆಟಕ್ಕೆ ಏನೋ ಉದ್ದನೆಯ ಹೆಸರಿತ್ತು, ಮನೆಯಲ್ಲಿ ಅದು ದೋಣಿ ಆಟ. ಒಂಟಿ ದೋಣಿಯೊಂದು ದ್ವೀಪದಿಂದ ದ್ವೀಪಕ್ಕೆ ಹೋಗಬೇಕು. ಬೇರೆ ದ್ವೀಪಗಳನ್ನೆಲ್ಲ ಮರಿ ಹಾರುತ್ತ ಕುಣಿಯುತ್ತ ದಾಟುತ್ತಿದ್ದ. ಮಂಜಿನ ದ್ವೀಪ ಬಂದರೆ ಟಿವಿಯೆಲ್ಲ ಬರೀ ಬಿಳುಪು. ದೋಣಿಯೂ ಕಾಣದು, ಬಂಡೆಯೂ ಕಾಣದು. ಹಾಡಿನೊಳಗೆ ಒಂದು ಸಣ್ಣ ಗಂಟೆ ಆಗೊಮ್ಮೆ ಈಗೊಮ್ಮೆ ಎಡಗಡೆಯೋ ಬಲಗಡೆಯೋ ಬಾರಿಸುತ್ತದೆ. ಅದು ಬಾರಿಸಿದ ಕಡೆಗೆ ದೋಣಿ ತಿರುಗಿಸಿದವರು ಉಳಿದರು, ತಪ್ಪಿದವರು ಬಂಡೆಗೆ ಬಡಿದರು. ಮರಿ ಪ್ರತಿ ಸಲ ಬಡಿದು, ಅಳುಮೋರೆ ಮಾಡಿಕೊಂಡು ಕಂಟ್ರೋಲರನ್ನು ಅಕ್ಕನ ಮಡಿಲಿಗೆ ಎಸೆಯುತ್ತಿದ್ದ. ಅಕ್ಕ ಬೇಕೆಂದೇ ಕಣ್ಣು ಮುಚ್ಚಿಕೊಂಡು ದಾಟಿಸುತ್ತಿದ್ದಳು. ಕಿವಿ ಅಂದರೆ ಅಕ್ಕಂದು ಎಂಬ ಮಾತು ಮನೆಯಲ್ಲಿ ಆಗ ಹುಟ್ಟಿದ್ದು.

ಆ ಕಿವಿಯೇ ಅವಳಿಗೆ ಅನ್ನ ಹಾಕಿತು. ಕಾರ್ಖಾನೆಯ ದೊಡ್ಡ ಮಷೀನುಗಳಲ್ಲಿ ಸೂಜಿಯ ತುದಿ ಮೊಂಡಾಗುವ ಮೊದಲು ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು ಬರುತ್ತದೆ. ತನ್ನ ಮಷೀನಿನದಷ್ಟೇ ಅಲ್ಲ, ಆಚೆ ಸಾಲಿನ ಮಷೀನಿನ ಸೂಜಿಯೂ ಹಾಳಾಗುತ್ತಿದೆ ಎಂದು ಅಕ್ಕ ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದಳು. ಸಂಜೆ ಮನೆಗೆ ಬಂದರೆ ಅದೇ ಕಿವಿಗೆ ಇನ್ನೊಂದು ಚಾಕರಿ. ಹಳೆಯ ಆಟಗಳ ಸೌಂಡ್‌ಟ್ರ್ಯಾಕ್ ಯಾವುದು ಹೊರಬಂದರೂ ಅಕ್ಕ, ಮರಿ ಇಬ್ಬರೂ ಕೊಳ್ಳಬೇಕು, ತಮ್ಮ ತಮ್ಮ ಮನೆಯಲ್ಲಿ ಕೇಳಬೇಕು, ಆಮೇಲೆ ಫೋನಿನಲ್ಲಿ ಹತ್ತಕ್ಕೆ ಇಷ್ಟು ಎಂದು ಮಾರ್ಕು ಕೊಡಬೇಕು. ಆಟದಲ್ಲಿ ಹಾಡು ಮುಗಿಯುವುದೇ ಇಲ್ಲ, ಆಡುವಷ್ಟು ಹೊತ್ತೂ ಸುತ್ತುತ್ತಿರುತ್ತದೆ. ಆಲ್ಬಮ್ಮಿನಲ್ಲಿ ಎಲ್ಲಾದರೂ ಮುಗಿಸಲೇಬೇಕು. ಆ ಮುಗಿಸುವ ಜಾಗವನ್ನು ಕೇಳಿಯೇ ಅಕ್ಕ ಅರ್ಧ ಮಾರ್ಕು ಹಾಕಿಬಿಡುತ್ತಿದ್ದಳು. ದನಿಯನ್ನು ಮೆಲ್ಲಗೆ ಕರಗಿಸಿದ್ದರೆ ಪಾಸು, ಕತ್ತರಿಯಲ್ಲಿ ಕಚಕ್ಕನೆ ಕತ್ತರಿಸಿದ್ದರೆ ಫೇಲು. ಹಳೆಯ ಧ್ವನಿಯನ್ನು ಸುಮ್ಮನೆ ಜೋರು ಮಾಡಿ ಹೊಸದೆಂದು ಮಾರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಮರಿಯ ಮಾರ್ಕೂ ಅವಳ ಮಾರ್ಕೂ ಒಂದಕ್ಕಿಂತ ಹೆಚ್ಚು ಬೇರೆಯಾದದ್ದೇ ಇರಲಿಲ್ಲ.

ದೋಣಿ ಆಟದ ಸೌಂಡ್‌ಟ್ರ್ಯಾಕ್ ಇಷ್ಟು ವರ್ಷಗಳಾದ ಮೇಲೆ ಹೊರಬಂದಾಗ ಮರಿ ಒಂಬತ್ತು ಕೊಟ್ಟ. ಅಕ್ಕ ಎರಡು ಕೊಟ್ಟಳು.

“ಎರಡಾ?” ಎಂದು ಮರಿ ಫೋನಿನಲ್ಲಿ ಬೆಚ್ಚಿಬಿದ್ದ. “ಯಾಕಕ್ಕಾ? ಎಷ್ಟು ಚೆನ್ನಾಗಿ ಮಾಡಿದ್ದಾರೆ!”

“ಗಂಟೆನೇ ನುಂಗಿ ನೀರು ಕುಡಿದಿದ್ದಾರಲ್ಲೋ.”

“ಗಂಟೆ ಇದೆ.”

“ಬಣ್ಣದ ವಾಸನೆ ಕುಡಿದೂ ಕುಡಿದೂ ನಿನಗೆ ತಲೆ ಕೆಟ್ಟಿದೆ. ನಾವಿಬ್ಬರೂ ಕೇಳಿದ್ದು ಇಂಟರ್ನೆಟ್ಟಿಂದ ಇಳಿಸಿಕೊಂಡ ಫೈಲು, ಅದರಲ್ಲಿ ಮೇಲಿನ ಸ್ವರ ಎಲ್ಲಿ ಉಳಿಯತ್ತೆ? ನಾನು ಸಿ.ಡಿ. ತರ್ತೀನಿ, ಇರು.”

ಸಿ.ಡಿ.ಯಲ್ಲೂ ಗಂಟೆ ಇರಲಿಲ್ಲ. ರೆಕಾರ್ಡಿನಲ್ಲೂ ಇರಲಿಲ್ಲ. ಅಕ್ಕ ಛಲ ಬಿಡುವ ಪೈಕಿಯಲ್ಲ. ರೆಕಾರ್ಡನ್ನು ಹಿಂದಿರುಗಿಸಿ ಬಂದ ದಿನವೇ ಆಲ್ಬಮ್ ತಂದ ಕಂಪನಿಗೆ ಖಾರವಾಗಿ ಒಂದು ಮೇಲ್ ಬರೆದಳು. ಮೂಲ ಆಟದಲ್ಲಿ ಏನೇನಿತ್ತೋ ಎಲ್ಲವನ್ನೂ ಹಾಗೆಯೇ ಉಳಿಸಿದ್ದೇವೆ ಎಂದು ಅವರಿಂದ ಬಹಳ ವಿನಯದ ಉತ್ತರ ಬಂತು. ವಿನಯ ಕಂಡು ಅಕ್ಕನಿಗೆ ಇನ್ನಷ್ಟು ಸಿಟ್ಟು ಬಂತು.

“ಮೂಲ ಅಂತೆ ಮೂಲ! ಮರೀ, ನಿನ್ನ ಅಟ್ಟದ ಮೇಲೆ ಆಟದ ಪೆಟ್ಟಿಗೆ ಇದೆಯಲ್ಲ, ಅದನ್ನ ತಗೊಂಡು ಭಾನುವಾರ ಬಾ. ಮೂಲದಲ್ಲಿ ಗಂಟೆ ಹೇಗೆ ಬಾರಿಸತ್ತೆ ಅಂತ ಫೋನಲ್ಲಿ ಹಿಡಿದು ಅವರಿಗೇ ಕಳಿಸ್ತೀನಿ.”

“ಅಕ್ಕಾ, ಒಂಬತ್ತನ್ನ ಬೇಕಾದ್ರೆ ಏಳು ಮಾಡ್ಕೋತೀನಿ. ಬಿಟ್ಟುಬಿಡು,” ಎಂದ ಮರಿ.

“ಚೌಕಾಶಿ ಮಾಡೋಕೆ ಇದೇನು ಸಂತೆನಾ? ಪೆಟ್ಟಿಗೆ ತಗೊಂಡು ಬಾ.”

ಭಾನುವಾರಕ್ಕೆ ಮೊದಲು ಕಾರ್ಖಾನೆಯಲ್ಲಿ ಒಂದು ಸಂಗತಿ ನಡೆಯಿತು. ಅಕ್ಕ ದಪ್ಪ ಬಟ್ಟೆಯ ಪರದೆಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಪರದೆಗಳಿಗೆ ರಿಂಗ್ ಹಾಕುವ ಹೆಂಗಸು ಥಟ್ಟನೆ ಎದ್ದು ಬಂದು ಅವಳ ಭುಜ ಹಿಡಿದಳು.

“ಅಕ್ಕಾ, ಸೂಜಿ! ಆಗಿಂದ ಕೂಗ್ತಾ ಇದೀನಿ.”

ಅಕ್ಕ ಪೆಡಲಿನಿಂದ ಕಾಲು ತೆಗೆದಳು. ಬಟ್ಟೆಯನ್ನು ಎತ್ತಿ ನೋಡಿದರೆ ಅರ್ಧ ಪರದೆಯುದ್ದಕ್ಕೂ ಹೊಲಿಗೆ ಹಲ್ಲುದುರಿದ ಬಾಯಿಯಂತೆ ಅಲ್ಲಲ್ಲಿ ಬಿಟ್ಟುಹೋಗಿತ್ತು. ಸೂಜಿಯ ತುದಿ ಮುಟ್ಟಿದರೆ ಮೊಂಡು.

“ದಾರ ಸರಿ ಇಲ್ಲ,” ಎಂದಳು ಅಕ್ಕ.

“ದಾರ ಚೆನ್ನಾಗೇ ಇದೆಯಲ್ಲಕ್ಕಾ. ನನ್ನ ಜಾಗಕ್ಕೇ ಕೇಳಿಸ್ತಾ ಇತ್ತು, ಟಿಕ್ ಟಿಕ್ ಅಂತ.”

ಅಕ್ಕ ಹೊಲಿಗೆ ಬಿಚ್ಚಲು ಕೂತಳು. ಈ ಸಾಲಿನಲ್ಲಿ ಕೂತಾಗಿನಿಂದ ಅವಳಿಗೆ ಇನ್ನೊಬ್ಬರು ಸೂಜಿಯ ವಿಷಯ ಹೇಳಿದ್ದು ಇದೇ ಮೊದಲು. ಟೀ ಹೊತ್ತಿನಲ್ಲಿ ಎಲ್ಲರೂ ಏನೋ ಹೇಳಿಕೊಂಡು ನಗುತ್ತಿದ್ದರು. ಅವಳೂ ನಕ್ಕಳು, ಏನೆಂದು ತಿಳಿಯದೆ. ಈಗಿನವರು ಬಾಯಿ ಬಿಟ್ಟು ಮಾತಾಡುವುದೇ ಇಲ್ಲ ಎಂದು ಅವಳು ಎಷ್ಟೋ ದಿನದಿಂದ ದೂರುತ್ತಿದ್ದಳು. ಆ ದೂರು ಅಂದು ಯಾಕೋ ಅವಳಿಗೇ ಪೊಳ್ಳೆನಿಸಿತು. ಒಂದೋ ರೆಕಾರ್ಡು ಕೆಟ್ಟಿದೆ, ಇಲ್ಲವೇ ತನ್ನ ಕಿವಿ. ರೆಕಾರ್ಡೇ ಕೆಟ್ಟಿರಲಿ ದೇವರೇ ಎಂದು ಮನಸ್ಸಿನಲ್ಲೇ ಕೈಮುಗಿದಳು.

ಭಾನುವಾರ ಮಧ್ಯಾಹ್ನ ಮರಿ ಬಂದ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚಿ, ಧೂಳು ಊದಿ, ವೈರುಗಳನ್ನು ಟಿವಿಗೂ ಅಕ್ಕನ ಎರಡು ಸ್ಪೀಕರುಗಳಿಗೂ ಜೋಡಿಸಿದ. ಅವನ ಉಗುರುಗಳ ಸಂದಿಯಲ್ಲಿ ಬಿಳಿ ಬಣ್ಣ ಒಣಗಿತ್ತು. ಕ್ಯಾಸೆಟ್ಟನ್ನು ಹಾಕುವ ಮೊದಲು ಚಿಕ್ಕಂದಿನಂತೆಯೇ ಅದರ ಹಲ್ಲುಗಳಿಗೆ ಉಫ್ ಎಂದು ಊದಿದ. ಅಕ್ಕನಿಗೆ ನಗು ಬಂತು.

“ನಿನ್ನ ಉಗುಳಿಂದಲೇ ಅದು ಇಷ್ಟು ದಿನ ಉಳಿದಿದೆ ನೋಡು.”

ಟಿವಿಯಲ್ಲಿ ಸಮುದ್ರ ಬಂತು, ದೋಣಿ ಬಂತು. ಮರಿ ಮೊದಲಿನ ದ್ವೀಪಗಳನ್ನು ದಾಟಿಸಿಕೊಂಡು ಹೋದ. ಕೈ ಸ್ವಲ್ಪ ತಡವರಿಸಿದರೂ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಅಕ್ಕ ಗೋಡೆಗೊರಗಿ, ಎರಡು ಸ್ಪೀಕರುಗಳ ನಡುವೆ ಸರಿಯಾಗಿ ಕೂತು, ಫೋನು ಕೈಯಲ್ಲಿ ಹಿಡಿದು ಕಾದಳು. ನಗಾರಿ ಶುರುವಾಯಿತು. ಟಿವಿಯ ಅಂಚುಗಳಿಂದ ಬಿಳುಪು ಒಳಗೆ ಹರಿಯಿತು.

“ಕೊಡು ಇಲ್ಲಿ,” ಎಂದು ಅಕ್ಕ ಫೋನು ಕೆಳಗಿಟ್ಟು ಕಂಟ್ರೋಲರನ್ನು ಕಿತ್ತುಕೊಂಡಳು. “ಇದು ನನ್ನ ದ್ವೀಪ.”

ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿದಳು. ನಗಾರಿ ಕೇಳುತ್ತಿತ್ತು, ತಂತಿ ಕೇಳುತ್ತಿತ್ತು, ನೀರು ಸರಸರ ಎನ್ನುತ್ತಿತ್ತು. ಈಗ ಬಾರಿಸುತ್ತದೆ, ಈಗ, ಎಂದು ಹೆಬ್ಬೆರಳನ್ನು ಸಿದ್ಧವಾಗಿಟ್ಟುಕೊಂಡಳು.

ಢಬ್ ಎಂದು ದೋಣಿ ಬಂಡೆಗೆ ಬಡಿಯಿತು.

ಅಕ್ಕ ಕಣ್ಣು ಬಿಟ್ಟಳು. “ಗಂಟೆ ಬಾರಿಸಲೇ ಇಲ್ಲ.”

ಮರಿ ಟಿವಿಯನ್ನೇ ನೋಡುತ್ತಿದ್ದ.

ಮತ್ತೆ ಆಡಿದಳು, ಮತ್ತೆ ಬಡಿಯಿತು. ಸ್ಪೀಕರಿನ ದನಿ ಹೆಚ್ಚಿಸಿದಳು. ಕಿಟಕಿಯ ಗಾಜು ಗುಂಯ್ ಎಂದಿತು, ನಗಾರಿ ಎದೆಗೇ ಗುದ್ದಿತು, ದೋಣಿ ಮಾತ್ರ ಬಂಡೆಯನ್ನೇ ಹುಡುಕಿಕೊಂಡು ಹೋಗಿ ಬಡಿಯಿತು. ಕ್ಯಾಸೆಟ್ಟು ತೆಗೆದು ತಾನೂ ಊದಿದಳು. ಎಡಗಡೆಯ ವೈರು ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿಸಿದಳು. ಅವಳು ಹೇಳಿದ್ದನ್ನೆಲ್ಲ ಮರಿ ಮಾಡಿದ. ಕೊನೆಗೆ ಅಕ್ಕ ಕಂಟ್ರೋಲರನ್ನು ಅವನ ಮಡಿಲಿಗೆ ಹಾಕಿದಳು.

“ನೀನು ಆಡು.”

“ನನಗೆ ಈ ದ್ವೀಪ ಯಾವತ್ತು ಬಂದಿತ್ತಕ್ಕಾ?”

“ಆಡು ಅಂದೆ.”

ಮರಿ ಆಡಿದ. ಅಕ್ಕ ಈ ಸಲ ಟಿವಿಯನ್ನು ನೋಡಲಿಲ್ಲ, ಅವನ ಹೆಬ್ಬೆರಳನ್ನು ನೋಡಿದಳು. ಬಣ್ಣ ಮೆತ್ತಿದ ಆ ಬೆರಳು ಸುಮ್ಮನಿರುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ಎಡಕ್ಕೆ ಹೊರಳುತ್ತಿತ್ತು. ಸುಮ್ಮನಿರುತ್ತಿತ್ತು, ಬಲಕ್ಕೆ ಹೊರಳುತ್ತಿತ್ತು.

“ಈಗ ಬಾರಿಸ್ತಾ?”

“ಹೂಂ.”

“ಈಗ?”

“ಹೂಂ ಅಕ್ಕಾ.”

ಬಿಳುಪು ಹರಿದು ನೀಲಿ ಸಮುದ್ರ ಕಂಡಿತು. ಪ್ರತಿ ಸಲ ಬಡಿದು ಅಳುತ್ತಿದ್ದ ಮರಿ ಮಂಜಿನ ದ್ವೀಪವನ್ನು ದಾಟಿದ್ದ. ಅವನು ಗೆದ್ದವನಂತೆ ಕಾಣಲಿಲ್ಲ. ಕಂಟ್ರೋಲರನ್ನು ನೆಲದ ಮೇಲಿಟ್ಟು ಮೂಗು ಒರೆಸಿಕೊಂಡ.

ಅಕ್ಕನಿಗೆ ಭಯವಾಯಿತು. ನೀರು ತುಂಬಿದೆಯೆಂದುಕೊಂಡು ಕೊಡವನ್ನು ಎತ್ತಲು ಹೋಗಿ ಅದು ಬರಿದೆಂದು ಗೊತ್ತಾದಾಗ ತೋಳು ಜೋಲಿ ತಪ್ಪುವ ಹಾಗೆ ಅವಳೊಳಗೆ ಏನೋ ಜೋಲಿ ತಪ್ಪಿತು. ಆ ಗಂಟೆಯನ್ನು ಅವಳು ಈಗಲೂ ತಲೆಯೊಳಗೆ ಬಾರಿಸಬಲ್ಲಳು, ಅಷ್ಟು ಸ್ಪಷ್ಟವಾಗಿ ನೆನಪಿದೆ. ಹೊರಗೆ ಅದು ಬಾರಿಸುತ್ತಲೇ ಇತ್ತು, ಅವಳೊಬ್ಬಳನ್ನು ಬಿಟ್ಟು.

“ಯಾವಾಗಿಂದ ಗೊತ್ತು ನಿನಗೆ?” ಎಂದು ಕೇಳಿದಳು.

“ನೀನು ಎರಡು ಕೊಟ್ಟಾಗಲೇ ಅನುಮಾನ ಬಂತು.”

“ಹೇಳಬಾರದಿತ್ತಾ?”

“ಹೇಳಿದ್ರೆ ನನ್ನ ತಲೆ ಉಳೀತಿತ್ತಾ?”

ಅಕ್ಕ ನಗಲು ಹೋದಳು, ಅಳು ಬಂತು. ಮರಿ ಒಳಗೆ ಹೋಗಿ ಕಾಫಿ ಮಾಡಿ ತಂದ. ಸಕ್ಕರೆ ಹೆಚ್ಚಾಗಿತ್ತು. ಅದನ್ನು ಕುಡಿದು ಮುಗಿಸಿ, ಲೋಟ ತೊಳೆದಿಟ್ಟು ಬಂದು ಅಕ್ಕ ಹೇಳಿದಳು: “ಸರಿ. ಕಿವಿಗೂ ಮಾರ್ಕು ಹಾಕಿಸೋಣ. ಎಲ್ಲಿ ಹಾಕ್ತಾರೆ ಅಂತ ವಿಚಾರಿಸು.”

ಕಿವಿ ಪರೀಕ್ಷೆ ಮಾಡುವ ಹುಡುಗಿ ಅವಳನ್ನು ಗಾಜಿನ ಸಣ್ಣ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದಳು. ಅಕ್ಕ ಮೊದಲು ಹೆಡ್‌ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, ಇದರ ಮೆತ್ತೆ ಸವೆದಿದೆಯಲ್ಲ ಎಂದು ಆಕ್ಷೇಪಣೆ ತೆಗೆದಳು. ಪರೀಕ್ಷೆ ಮುಗಿದ ಮೇಲೆ ಹುಡುಗಿ ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸಿದಳು. ಅದು ಅರ್ಧದವರೆಗೆ ಸಮವಾಗಿ ಬಂದು ಆಮೇಲೆ ಗುಡ್ಡದಿಂದ ಉರುಳಿದ ಹಾಗೆ ಕೆಳಗಿಳಿದಿತ್ತು. ಮಷೀನುಗಳ ಗದ್ದಲದಲ್ಲಿ ವರ್ಷಗಟ್ಟಲೆ ಕೂತವರಿಗೆ ಸಾಮಾನ್ಯವಾಗಿ ಹೀಗಾಗುತ್ತದೆ, ಮೊದಲು ಹೋಗುವುದು ಮೇಲಿನ ಸಣ್ಣ ಸ್ವರಗಳೇ ಎಂದಳು.

“ಕಿವಿಗೆ ಯಂತ್ರ ಹಾಕಿಕೊಂಡರೆ ಮೊದಲಿನ ಹಾಗೆ ಕೇಳಿಸತ್ತಾ?”

“ಮೊದಲಿನ ಹಾಗೆ ಇಲ್ಲಮ್ಮ. ಸುಳ್ಳು ಹೇಳಲ್ಲ. ಕೇಳಿಸತ್ತೆ, ಆದರೆ ಬೇರೆ ಥರ. ಶುರುವಲ್ಲಿ ಎಲ್ಲಾ ಕರ್ಕಶ ಅನ್ಸತ್ತೆ. ತುಂಬಾ ಜನ ಬೇಜಾರಾಗಿ ತೆಗೆದು ಡ್ರಾಯರ್‌ಗೆ ಹಾಕಿಬಿಡ್ತಾರೆ. ಹಟ ಹಿಡಿದು ಹಾಕಿಕೊಂಡವರಿಗೆ ಒಗ್ಗತ್ತೆ.”

“ಹಟಕ್ಕೆ ನಮ್ಮಲ್ಲಿ ಬರ ಇಲ್ಲ,” ಎಂದ ಮರಿ ಹಿಂದಿನಿಂದ. ಅಕ್ಕ ತಿರುಗಿ ಕಣ್ಣು ಕೆಕ್ಕರಿಸಿದಳು.

ಯಂತ್ರಗಳು ಬಂದವು. ಕಡಲೆಬೀಜದಷ್ಟೇ ಇದ್ದ ಅವು ಕಿವಿಯೊಳಗೆ ಕೂತ ಗಳಿಗೆಯಿಂದ ಜಗತ್ತು ಅವಳ ಮೇಲೆ ಏರಿಬಂತು. ನಲ್ಲಿ ಕೂಗುತ್ತಿತ್ತು, ಚಪ್ಪಲಿ ಕಿರುಚುತ್ತಿತ್ತು, ಪ್ಲಾಸ್ಟಿಕ್ ಚೀಲ ಮುಟ್ಟಿದರೆ ಕಾಡಿಗೆ ಬೆಂಕಿ ಬಿದ್ದಂತಾಗುತ್ತಿತ್ತು. ರಿಂಗ್ ಹಾಕುವ ಹೆಂಗಸು ದಿನವಿಡೀ ಗುನುಗುತ್ತಾಳೆ ಎಂಬುದೂ ಗೊತ್ತಾಯಿತು, ಅದೂ ಅಪಸ್ವರದಲ್ಲಿ. ಸಂಜೆಯ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ತೆಗೆದಿಡೋಣವೆಂದು ಕೈ ಎಷ್ಟೋ ಸಲ ಕಿವಿಯವರೆಗೆ ಹೋಗಿ ವಾಪಸು ಬಂತು. ಕಾರ್ಖಾನೆಯ ಗದ್ದಲದಲ್ಲಿ ಸೂಜಿಯ ಟಿಕ್ ಟಿಕ್ ಮಾತ್ರ ಸಿಗಲಿಲ್ಲ. ಅದಕ್ಕೆ ಅವಳು ಹೊಲಿಯುವಾಗ ಎಡಗೈಯ ಬೆರಳ ತುದಿಯನ್ನು ಮಷೀನಿನ ತಳಕ್ಕೆ ತಾಗಿಸಿಟ್ಟುಕೊಳ್ಳುವುದನ್ನು ಕಲಿತಳು. ಸೂಜಿ ಕೆಡುವ ಮೊದಲಿನ ಸಣ್ಣ ನಡುಕ ಅಲ್ಲಿ ತಿಳಿಯುತ್ತಿತ್ತು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಶನಿವಾರ ಅವಳು ರೆಕಾರ್ಡ್ ಅಂಗಡಿಯ ಮೆಟ್ಟಿಲು ಹತ್ತಿದಳು. ಒಳಗೆ ಜನರಿದ್ದರು. ಜನ ಕಡಿಮೆಯಾಗಲಿ ಎಂದು ಬಾಗಿಲಲ್ಲಿ ಒಂದು ಕ್ಷಣ ನಿಂತಳು, ಮರುಕ್ಷಣವೇ ತನ್ನ ಮೇಲೆ ತಾನೇ ಸಿಟ್ಟಾಗಿ ನೇರ ಒಳಗೆ ನಡೆದಳು. ಅಂದು ನಕಲಿ ಎಂದದ್ದು ಜನರ ಎದುರಿಗೆ ತಾನೆ?

“ಯಜಮಾನ್ರೇ, ಅವತ್ತು ನಾನು ವಾಪಸು ಕೊಟ್ಟ ರೆಕಾರ್ಡು ನಕಲಿ ಅಲ್ಲ,” ಎಂದಳು, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. “ಕೆಟ್ಟಿದ್ದು ನನ್ನ ಕಿವಿ. ನಿಮ್ಮ ಮಾಲು ಸರಿಯಾಗೇ ಇತ್ತು. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಹೊಟ್ಟೆಗೆ ಹಾಕ್ಕೊಳ್ಳಿ.”

ಯಜಮಾನರು ಅವಳ ಕಿವಿಗಳನ್ನು ನೋಡಿದರು. ಬಗ್ಗಿ ಗಲ್ಲಾದ ಕೆಳಗಿನಿಂದ ಬೂದು ಸಮುದ್ರದ ಆ ರೆಕಾರ್ಡನ್ನು ತೆಗೆದರು.

“ಯಾರಿಗೂ ಕೊಟ್ಟಿಲ್ಲ. ನಕಲಿ ಅಂದಮೇಲೆ ನನಗೂ ಮಾರೋಕೆ ಮನಸ್ಸು ಬರಲಿಲ್ಲ. ನಾನೂ ಕೇಳಿದೆ, ನನಗೇನೋ ಚೆನ್ನಾಗಿತ್ತು. ಆದರೆ ಅಕ್ಕನ ಕಿವಿ ಅಂದ್ರೆ… ಅಂತ.”

“ಹಾಕಿ,” ಎಂದಳು ಅಕ್ಕ. “ಎರಡನೇ ಮಗ್ಗುಲು. ಜೋರು ಮಾಡಬೇಡಿ, ನೀವು ಹೇಗೆ ಕೇಳ್ತೀರೋ ಅಷ್ಟೇ ಇರಲಿ.”

ಮುಳ್ಳು ರೆಕಾರ್ಡಿನ ಮೇಲಿಳಿಯಿತು. ಮೊದಲು ಚಿರುಚಿರು ಎಂದು ಧೂಳಿನ ಸದ್ದು. ಅದು ಇರುತ್ತದೆಂಬುದನ್ನೇ ಅವಳು ಮರೆತಿದ್ದಳು. ನಗಾರಿ ಬಂತು, ತಂತಿ ಬಂತು, ನೀರು ಬಂತು. ಅಕ್ಕ ಎರಡು ಸ್ಪೀಕರುಗಳ ನಡುವಿನ ಜಾಗಕ್ಕೆ ಸರಿದು ನಿಂತಳು.

ಬಾರಿಸಿತು. ಗಂಟೆಯ ಹಾಗಲ್ಲ. ತಟ್ಟೆಗೆ ಚಮಚ ತಗುಲಿದ ಹಾಗೆ, ಬಡಕಲಾಗಿ, ಎಲ್ಲೋ ಎಡಗಡೆ. ಅವಳ ತಲೆಯೊಳಗಿನ ಗಂಟೆಗೂ ಇದಕ್ಕೂ ಯಾವ ನಂಟೂ ಇರಲಿಲ್ಲ. ಆದರೆ ಅದು ಬರಬೇಕಾದ ಜಾಗದಲ್ಲೇ ಬಂದಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ, ಬಲಗಡೆ.

ಹಾಡು ಕೊನೆಗೆ ಬಂತು. ಕೊನೆಯ ಸ್ವರ ಮೆಲ್ಲಗೆ ಕರಗಿತು. ಆ ಮುಗಿಸಿದ ರೀತಿಗೆ ಅಕ್ಕ ಅಭ್ಯಾಸಬಲದಿಂದ ತಲೆದೂಗಿದಳು.

“ಎಷ್ಟು ಅಕ್ಕಾ, ಮಾರ್ಕು?” ಎಂದು ಕೇಳಿದರು ಯಜಮಾನರು.

“ನಾಲ್ಕು.”

“ನಾಲ್ಕೇ? ರೆಕಾರ್ಡಿಗಾ?”

“ಕಿವಿಗೆ. ರೆಕಾರ್ಡಿಗೆ ಮಾರ್ಕು ಕೊಡೋ ಯೋಗ್ಯತೆ ಇನ್ನೂ ಬಂದಿಲ್ಲ, ಬರತ್ತೆ. ಇದನ್ನ ಕಟ್ಟಿಕೊಡಿ, ಈ ಸಲ ವಾಪಸು ತರಲ್ಲ.” ಯಜಮಾನರು ರೆಕಾರ್ಡಿಗೆ ಕೈಹಾಕಿದಾಗ ಅಕ್ಕ ಬೆರಳೆತ್ತಿ ತಡೆದಳು. “ಈಗಲೇ ಬೇಡ. ಇನ್ನೊಂದು ಸಲ ಹಾಕಿ.”

ಮುಳ್ಳು ಮತ್ತೆ ಇಳಿಯಿತು. ಗಿರಾಕಿಗಳು ತಮ್ಮ ತಮ್ಮ ಸಾಲುಗಳಿಗೆ ಮರಳಿದರು. ರೆಕಾರ್ಡುಗಳನ್ನು ಮಗುಚುವ ಸದ್ದು ನಗಾರಿಯ ನಡುವೆ ಕೇಳುತ್ತಿತ್ತು. ಅಕ್ಕ ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಗಲ್ಲಾದ ಅಂಚನ್ನು ಹಿಡಿದು ನಿಂತಿದ್ದಳು. ಅವಳ ಹೆಬ್ಬೆರಳು ಮರದ ಮೇಲೆ ಸುಮ್ಮನಿತ್ತು. ಆಮೇಲೆ ಅದು ಎಡಕ್ಕೆ ಹೊರಳಿತು.